ಹತ್ತು ಹೆಸರು ಕಡಿಮೆ ಬಿದ್ದ ವಂಶಾವಳಿ

ಹೋದ ಮಾಗಿಯ ಒಂದು ಬೆಳಿಗ್ಗೆ, ಹೈದರಾಬಾದಿನ ನಮ್ಮ ಮನೆಯಲ್ಲಿ ಇನ್ನೂ ಚಹಾ ಕುದಿಯುತ್ತಿತ್ತು, ಅಷ್ಟರಲ್ಲಿ ಊರಿನಿಂದ ಕಾಕಾನ ಫೋನ್ ಬಂತು. ಬಹಳ ವರ್ಷಗಳ ಮೇಲೆ ನಮ್ಮ ಮನೆತನದ ಹೆಳವ ಬಂದಿದ್ದಾನೆ, ಕಟ್ಟೆಯ ಮೇಲೆ ಕೂತು ವಂಶಾವಳಿ ಓದುತ್ತಿದ್ದಾನೆ, ನಿನ್ನ ಹೆಸರಿನ ಮುಂದೆ ಏನು ಬರೆಸಲಿ ಎಂದು ಕೇಳಿದರು.

ಉತ್ತರ ಕರ್ನಾಟಕದವರಿಗೆ ಹೆಳವರ ಪರಿಚಯ ಮಾಡಿಕೊಡಬೇಕಿಲ್ಲ. ಉಳಿದವರಿಗಾಗಿ ಎರಡು ಮಾತು. ಎತ್ತಿನ ಮೇಲೆ ಕೂತು ಊರೂರು ತಿರುಗುತ್ತ, ಒಕ್ಕಲು ಮನೆತನಗಳು ಎಲ್ಲಿಂದ ಬಂದವು, ಯಾರ ಮಗ ಯಾರು ಎಂಬುದನ್ನು ಹೇಳಿ, ಕಾಳುಕಡಿ, ಬಟ್ಟೆ, ಪಾತ್ರೆ ಪಡೆದು ಮುಂದಿನ ಊರಿಗೆ ಹೋಗುವವರು ಅವರು. ನಮ್ಮ ಹೆಳವ ಈ ಸಲ ಎತ್ತು ಬಿಟ್ಟು ಮೋಟಾರ್‌ಸೈಕಲ್ ಮೇಲೆ ಬಂದಿದ್ದನಂತೆ. ನಮ್ಮ ಹಳೆಯ ಊರು ಆಲಮಟ್ಟಿಯ ಹಿನ್ನೀರಿನಲ್ಲಿದೆ. ಪುನರ್ವಸತಿ ಕೇಂದ್ರದ ಒಂದೇ ಅಚ್ಚಿನ ಬೀದಿಗಳಲ್ಲಿ ನೆಂಟರೇ ದಾರಿ ತಪ್ಪುತ್ತಾರೆ. ಅವನು ತಪ್ಪಲಿಲ್ಲ.

ಕಾಕಾನ ಪ್ರಶ್ನೆ ಸಣ್ಣದಲ್ಲ. ನನಗೆ ಒಬ್ಬಳೇ ಮಗಳು. ನಮ್ಮ ಮನೆತನದ ಪುಸ್ತಕದಲ್ಲಿ ಹೆಣ್ಣುಮಕ್ಕಳ ಹೆಸರು ಇದುವರೆಗೆ ಬಂದಿಲ್ಲ. ಅಂದರೆ ನನ್ನ ಸಾಲು ನನ್ನಲ್ಲಿಗೇ ನಿಲ್ಲುತ್ತದೆ. ಕಾಕಾ ಅದನ್ನು ನೇರವಾಗಿ ಹೇಳಲಿಲ್ಲ, ಬರೀ ಕೆಮ್ಮಿದರು. ಸಂಜೆ ಹೇಳುತ್ತೇನೆ ಎಂದು ಫೋನ್ ಇಟ್ಟೆ.

ಮಧ್ಯಾಹ್ನ ಪುಸ್ತಕದ ಹಾಳೆಯ ಫೋಟೊ ವಾಟ್ಸಾಪಿನಲ್ಲಿ ಬಂತು. ನಾನು ಆಡಿಟರ್. ಯಾವ ಹಾಳೆ ಕೈಗೆ ಬಂದರೂ ಮೊದಲು ಎಣಿಸುವ ಚಟ. ಘಟಪ್ರಭೆಯ ದಂಡೆಗೆ ಬಂದ ಮೂಲಪುರುಷನಿಂದ ನನ್ನ ಅಪ್ಪನವರೆಗೆ ಏಳು ಹೆಸರು. ಹೆಳವನ ಪ್ರಕಾರ ನಾವು ಬಂದು ಐನೂರು ವರ್ಷ. ನೂರು ವರ್ಷಕ್ಕೆ ಮೂರು ತಲೆಮಾರು ಎಂದರೆ ಹದಿನೈದು ಹೆಸರು ಇರಬೇಕು. ಎಂಟು ಕಡಿಮೆ.

ನೂರಕ್ಕೆ ಮೂರು ಎಂಬ ಈ ಲೆಕ್ಕ ನನ್ನದಲ್ಲ. ಅದನ್ನು ನನಗೆ ಕಲಿಸಿದವನು ಸತ್ತು ಆರು ನೂರು ವರ್ಷ ದಾಟಿದೆ. ಅವನ ಹೆಸರು ಇಬ್ನ್ ಖಲ್ದೂನ್. ಅವನ ಪರಿಚಯವಾದದ್ದು ಇದೇ ಹೈದರಾಬಾದಿನ ಬಾರ್ಕಸ್‌ನಲ್ಲಿ.

ಹಳೆಯ ಪಟ್ಟಣದ ದಕ್ಷಿಣಕ್ಕೆ, ಚಾಂದ್ರಾಯನಗುಟ್ಟದ ಹತ್ತಿರ ಬಾರ್ಕಸ್ ಇದೆ. ನಿಜಾಮರ ಸೈನ್ಯಕ್ಕೆಂದು ಯೆಮನ್ ದೇಶದ ಹದ್ರಮೌತ್ ಕಣಿವೆಯಿಂದ ಬಂದ ಅರಬರು ಅಲ್ಲಿ ನೆಲೆಸಿದರು. ಬ್ಯಾರಕ್ಸ್ ಎಂಬ ಮಾತೇ ಜನರ ಬಾಯಲ್ಲಿ ಬಾರ್ಕಸ್ ಆಯಿತು. ಅಲ್ಲಿಯ ಒಬ್ಬ ಹಿರಿಯ ವ್ಯಾಪಾರಿಯ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ನಾನು ಅವರನ್ನು ಚಾಚಾ ಎನ್ನುತ್ತೇನೆ. ಅವರ ಅಂಗಡಿಯ ಗೋಡೆಯ ಮೇಲೆ ಅರಬ್ಬಿ ಅಕ್ಷರದ ವಂಶವೃಕ್ಷವೊಂದು ಗಾಜಿನ ಚೌಕಟ್ಟಿನಲ್ಲಿದೆ. ಒಮ್ಮೆ ಜಿ.ಎಸ್.ಟಿ. ಲೆಕ್ಕ ಮುಗಿಸಿ ಕೂತಾಗ ಅದರಲ್ಲಿ ಎಷ್ಟು ತಲೆಮಾರು ಎಂದು ಕೇಳಿದ್ದೆ. ಚಾಚಾ ನಕ್ಕು, ತಮ್ಮ ಕಣಿವೆಯ ಮೂಲದವನೊಬ್ಬ ಹಿಂದೆ ನನ್ನ ಹಾಗೆಯೇ ಎಣಿಸಿದ್ದನೆಂದೂ, ಎಣಿಸಿದ್ದು ತನ್ನದೇ ಮನೆತನದ ಹೆಸರುಗಳನ್ನೆಂದೂ ಹೇಳಿದರು. ಅಂದಿನಿಂದ ಅವನ ಬದುಕನ್ನು ಬಿಡುವಾದಾಗಲೆಲ್ಲ ಓದುತ್ತ ಬಂದೆ.

ಇಬ್ನ್ ಖಲ್ದೂನ್ ಹುಟ್ಟಿದ್ದು 1332ರ ಮೇ 27ರಂದು, ಉತ್ತರ ಆಫ್ರಿಕಾದ ಟ್ಯುನಿಸ್ ನಗರದಲ್ಲಿ. ಚರಿತ್ರೆಯನ್ನು ರಾಜರ ಪಟ್ಟಿಯಾಗಿ ಅಲ್ಲ, ಸಮಾಜ ನಡೆಯುವ ಬಗೆಯಾಗಿ ನೋಡಿದ ಮೊದಲಿಗರಲ್ಲಿ ಒಬ್ಬ ಎಂದು ಇಂದು ಜಗತ್ತು ಅವನನ್ನು ನೆನೆಯುತ್ತದೆ. ಅವನ ಉದ್ದ ಹೆಸರಿನ ಕೊನೆಗೆ ಅಲ್-ಹದ್ರಮಿ ಎಂಬ ಮಾತಿದೆ. ಹದ್ರಮೌತ್‌ನವನು ಎಂದು ಅರ್ಥ. ಆದರೆ ಅವನು ಹದ್ರಮೌತ್ ನೋಡಲಿಲ್ಲ. ಅವನ ಅಪ್ಪ, ಅಜ್ಜ, ಮುತ್ತಜ್ಜ ಬದುಕಿದ್ದೂ ಅಲ್ಲಿಂದ ಸಾವಿರಾರು ಮೈಲಿ ದೂರದಲ್ಲಿ. ನನ್ನ ಮಗಳ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಾಗಿ ಕೂತಿರುವುದೂ ಅವಳು ನೋಡದ, ಈಗ ನೀರಿನೊಳಗಿರುವ ಊರಿನ ಹೆಸರೇ. ಹೀಗಾಗಿ ಈ ಮನುಷ್ಯ ನನಗೆ ಪರಕೀಯ ಅನ್ನಿಸಲಿಲ್ಲ.

ಅವನ ಮನೆತನದ ಕಥೆ ಹೀಗಿದೆ. ಹದ್ರಮೌತ್‌ನ ಮುಖ್ಯಸ್ಥನಾಗಿದ್ದ, ಪ್ರವಾದಿಯವರ ಸಂಗಾತಿಗಳಲ್ಲಿ ಒಬ್ಬನಾದ ವಾಯಿಲ್ ಇಬ್ನ್ ಹುಜ್ರ್ ಅವರ ಮೂಲಪುರುಷ. ಆ ವಂಶದ ಖಾಲಿದ್ ಎಂಬವನು ಯೆಮನಿನ ಸೈನಿಕರೊಂದಿಗೆ ಸ್ಪೇನಿಗೆ ಹೋದ. ಅರಬರ ಆಳ್ವಿಕೆಯ ಆ ಭಾಗಕ್ಕೆ ಆಗ ಅಂದಲೂಸ್ ಎಂದು ಹೆಸರು. ಅಲ್ಲಿಯವರು ದೊಡ್ಡ ಮನುಷ್ಯರ ಹೆಸರಿನ ಕೊನೆಗೆ ಊನ್ ಎಂದು ಸೇರಿಸುತ್ತಿದ್ದರು. ನಾವು ರಾಯ, ಗೌಡ ಸೇರಿಸಿದ ಹಾಗೆ. ಖಾಲಿದ್ ಖಲ್ದೂನ್ ಆದ. ಮಕ್ಕಳು ಮೊಮ್ಮಕ್ಕಳು ಬನೂ ಖಲ್ದೂನ್, ಅಂದರೆ ಖಲ್ದೂನನ ಮನೆಯವರಾದರು.

ಕಾರ್ಮೋನಾದಲ್ಲಿ ಮೊದಲು ತಳವೂರಿದ ಈ ಮನೆತನ ಆಮೇಲೆ ಸೆವಿಲ್ ನಗರಕ್ಕೆ ಬಂತು. 9ನೇ ಶತಮಾನದ ಕೊನೆಯಲ್ಲಿ ಕುರೈಬ್ ಎಂಬ ಖಲ್ದೂನಿ ಕಾರ್ಡೋಬಾದ ಅರಸನ ವಿರುದ್ಧ ದಂಗೆಯೆದ್ದು ಸೆವಿಲ್ ನಗರವನ್ನು ಕೆಲಕಾಲ ಕೈಯಲ್ಲಿ ಹಿಡಿದ. ಕೊನೆಗೆ ಜೊತೆಗಾರನೇ ಅವನನ್ನು ಮುಗಿಸಿದ. 11ನೇ ಶತಮಾನದಲ್ಲಿ ಅದೇ ಮನೆಯ ಉಮರ್ ಎಂಬವನು ಗಣಿತ ಮತ್ತು ಖಗೋಳದಲ್ಲಿ ಹೆಸರು ಮಾಡಿದ. ಹೀಗೆ ಕತ್ತಿಯೂ ಲೇಖನಿಯೂ ಇದ್ದ ಮನೆ ಅದು. 1248ರಲ್ಲಿ ಸೆವಿಲ್ ನಗರ ಕ್ಯಾಸ್ಟೈಲಿನ ಕ್ರೈಸ್ತ ದೊರೆ ಮೂರನೇ ಫರ್ಡಿನಾಂಡನ ವಶವಾಯಿತು. ಗಾಳಿ ಎತ್ತ ಬೀಸುತ್ತಿದೆ ಎಂದು ಮೊದಲೇ ಅರಿತ ಖಲ್ದೂನರು ಅಷ್ಟರೊಳಗೆ ಹೊಲ ಮನೆ ಬಿಟ್ಟು, ಸಮುದ್ರ ದಾಟಿ ಸ್ಯೂಟಾಗೆ, ಅಲ್ಲಿಂದ ಟ್ಯುನಿಸಿನ ಹಫ್ಸಿ ಅರಸರ ಆಶ್ರಯಕ್ಕೆ ಹೋಗಿದ್ದರು.

ಆಶ್ರಯವೂ ಸುಖದ್ದಾಗಿರಲಿಲ್ಲ. ಇಬ್ನ್ ಖಲ್ದೂನನ ಮುತ್ತಜ್ಜ ಹಫ್ಸಿ ಆಸ್ಥಾನದಲ್ಲಿ ಹಣಕಾಸಿನ ಅಧಿಕಾರಿ. ಆ ಕಾಲಕ್ಕೆ ಇಬ್ನ್ ಅಬಿ ಉಮಾರಾ ಎಂಬ ಸಾಮಾನ್ಯನೊಬ್ಬ, ಸತ್ತುಹೋಗಿದ್ದ ರಾಜಕುಮಾರ ತಾನೇ ಎಂದು ನಂಬಿಸಿ, ಬೆಂಬಲಿಗರನ್ನು ಕೂಡಿಸಿಕೊಂಡು 1283ರಲ್ಲಿ ಟ್ಯುನಿಸಿನ ಸಿಂಹಾಸನವನ್ನೇ ಏರಿದ. ಅವನು ಮುತ್ತಜ್ಜನ ಆಸ್ತಿ ಕಸಿದು, ಹಿಂಸಿಸಿ ಕೊಲ್ಲಿಸಿದ. ಸುಳ್ಳು ವಂಶ ಹೇಳಿಕೊಂಡವನೊಬ್ಬ ನಿಜವಾಗಿಯೂ ರಾಜನಾಗಿ ಆಳಿದ. ಆ ಸುಳ್ಳು ಒಂದೂವರೆ ವರ್ಷದಷ್ಟೇ ನಡೆಯಿತು, ಆದರೆ ಅಷ್ಟರಲ್ಲಿ ಖಲ್ದೂನರ ಮನೆಯ ಹಿರಿಯನ ಜೀವ ಹೋಗಿತ್ತು. ವಂಶ ಎಂಬ ಮಾತನ್ನು ಇಬ್ನ್ ಖಲ್ದೂನ್ ಮುಂದೆ ಯಾಕೆ ಅಷ್ಟು ಎಚ್ಚರದಿಂದ ಮುಟ್ಟಿದ ಎಂಬುದಕ್ಕೆ ಈ ಘಟನೆಯೂ ಒಂದು ಕಾರಣ ಇರಬೇಕು ಎಂದು ನನಗನ್ನಿಸುತ್ತದೆ.

ಅಜ್ಜನೂ ಆಸ್ಥಾನದಲ್ಲಿದ್ದ. ಅಪ್ಪ ಮಾತ್ರ ರಾಜಕಾರಣದ ಸಹವಾಸ ಸಾಕೆಂದು ಓದು, ಧರ್ಮ, ಅರಬ್ಬಿ ಸಾಹಿತ್ಯದ ಕಡೆ ತಿರುಗಿದ. ಮಗನಿಗೆ ಒಳ್ಳೆಯ ಗುರುಗಳು ಸಿಕ್ಕರು. 1347ರಲ್ಲಿ ಮೊರಾಕೊದ ಮರೀನಿ ಸುಲ್ತಾನ ಟ್ಯುನಿಸನ್ನು ಗೆದ್ದಾಗ ಅವನ ಪರಿವಾರದ ಜೊತೆ ವಿದ್ವಾಂಸರ ದಂಡೂ ಬಂತು. ಅವರಲ್ಲಿದ್ದ ಅಲ್-ಆಬಿಲಿ ಈ ಹುಡುಗನಿಗೆ ಗಣಿತ, ತರ್ಕ, ತತ್ವಶಾಸ್ತ್ರ ಹೇಳಿಕೊಟ್ಟ.

ಮರುವರ್ಷ ಮಹಾಮಾರಿ ಪ್ಲೇಗ್ ಬಂತು. ಯುರೋಪು, ಆಫ್ರಿಕಾ, ಪಶ್ಚಿಮ ಏಷ್ಯಾಗಳನ್ನೆಲ್ಲ ಗುಡಿಸಿದ ಅದೇ ಪ್ಲೇಗ್. ಇಬ್ನ್ ಖಲ್ದೂನನ ತಾಯಿ ತಂದೆ ಇಬ್ಬರೂ ಹೋದರು. ಗುರುಗಳಲ್ಲಿ ಅನೇಕರು ಹೋದರು. ಅವನಿಗಿನ್ನೂ ಹದಿನೇಳು. ಮುಂದೆ ಚರಿತ್ರೆ ಬರೆಯಲು ಕೂತಾಗ, ಆ ಮಾರಿ ಲೋಕವನ್ನೇ ಬದಲಿಸಿತು, ಊರುಗಳು ಖಾಲಿಯಾದವು, ದಾರಿಗಳು ಅಳಿಸಿಹೋದವು, ಆದ್ದರಿಂದ ಎಲ್ಲವನ್ನೂ ಹೊಸದಾಗಿ ಬರೆದಿಡುವವನೊಬ್ಬ ಬೇಕು ಎಂಬ ಕಾರಣವನ್ನು ಅವನೇ ಕೊಟ್ಟಿದ್ದಾನೆ. ತಂದೆ ಇಲ್ಲದ ಮನೆಯಲ್ಲಿ ಹಿಂದಿನ ಹೆಸರುಗಳನ್ನು ಕೇಳಿ ತಿಳಿಯುವ ದಾರಿಯೂ ಆಗಲೇ ಕಿರಿದಾಗಿತ್ತು.

ಇಪ್ಪತ್ತರ ಹೊತ್ತಿಗೆ ಟ್ಯುನಿಸ್ ಆಸ್ಥಾನದಲ್ಲಿ ಸಣ್ಣ ಕೆಲಸ ಸಿಕ್ಕಿತು. ರಾಜಪತ್ರಗಳ ಮೇಲ್ಭಾಗದಲ್ಲಿ ದೇವರ ಸ್ತುತಿಯ ಒಕ್ಕಣೆಯನ್ನು ಅಂದವಾದ ಅಕ್ಷರದಲ್ಲಿ ಬರೆಯುವುದು. ಅವನಿಗೆ ಅದು ಸಾಲಲಿಲ್ಲ. ಮೊರಾಕೊದ ಫೆಜ್ ನಗರಕ್ಕೆ ಹೋದ. ಅಲ್ಲಿ ಏರಿದ್ದೂ ಬೇಗ, ಬಿದ್ದದ್ದೂ ಬೇಗ. ಸುಲ್ತಾನ ಅಬೂ ಇನಾನ್ ಸಂಶಯಪಟ್ಟು 1357ರಲ್ಲಿ ಸೆರೆಗೆ ಹಾಕಿದ. ಸುಲ್ತಾನ ಸಾಯುವವರೆಗೆ, ಸುಮಾರು ಎರಡು ವರ್ಷ, ಅಲ್ಲೇ ಇರಬೇಕಾಯಿತು.

ಫೆಜ್‌ನ ದಿನಗಳಲ್ಲೇ ನಮ್ಮ ನಾಡಿಗೆ ತಾಗುವ ಒಂದು ಎಳೆ ಇದೆ. ಹೊನ್ನಾವರ, ಬಾರಕೂರು, ಮಂಗಳೂರು ನೋಡಿಹೋದ ಇಬ್ನ್ ಬತೂತಾ ಆಗಷ್ಟೇ ಪ್ರವಾಸ ಮುಗಿಸಿ ಊರಿಗೆ ಮರಳಿದ್ದ. ದಿಲ್ಲಿಯ ಸುಲ್ತಾನನ ಸಂಪತ್ತು, ಅವನು ಜನರ ಮೇಲೆ ಹಣ ಎರಚುವ ಬಗೆ ಇವನ್ನೆಲ್ಲ ಹೇಳಿದಾಗ ಆಸ್ಥಾನದ ಜನ ಅವನು ಸುಳ್ಳ ಎಂದು ಪಿಸುಗುಟ್ಟಿದರು. ಇಬ್ನ್ ಖಲ್ದೂನನಿಗೂ ಹಾಗೇ ಅನ್ನಿಸಿತ್ತು. ಒಬ್ಬ ಮಂತ್ರಿ ಅವನನ್ನು ತಡೆದ. ಕಣ್ಣಿಂದ ನೋಡಿಲ್ಲ ಎಂಬ ಒಂದೇ ಕಾರಣಕ್ಕೆ ಅಲ್ಲಗಳೆಯಬೇಡ ಎಂದು ಬುದ್ಧಿ ಹೇಳಿದ. ಸೆರೆಮನೆಯಲ್ಲೇ ಬೆಳೆದ ಹುಡುಗ ಇಲಿ ಬಿಟ್ಟು ಬೇರೆ ಪ್ರಾಣಿ ನೋಡಿರಲಿಲ್ಲ, ಹಾಗಾಗಿ ಕುರಿ ಎಂದರೆ ಇಲಿಯಂಥದ್ದೇ ಇರಬೇಕು ಎಂದುಕೊಂಡ ಎಂಬ ಕಥೆಯನ್ನೂ ಹೇಳಿದ. ಅಪರೂಪದ್ದು ಎಂದು ತಳ್ಳಬಾರದು, ದೊಡ್ಡವರು ಹೇಳಿದ್ದು ಎಂದು ನುಂಗಲೂಬಾರದು, ಸಾಧ್ಯವೋ ಅಸಾಧ್ಯವೋ ತೂಗಿ ನೋಡಬೇಕು. ಈ ಪಾಠವನ್ನು ಅವನು ಬದುಕಿನುದ್ದಕ್ಕೂ ಬಿಡಲಿಲ್ಲ.

1362ರ ಕೊನೆಗೆ ಅವನು ಸಮುದ್ರ ದಾಟಿ ಗ್ರಾನಡಾಕ್ಕೆ ಹೋದ. ಸ್ಪೇನಿನಲ್ಲಿ ಅರಬರಿಗೆ ಉಳಿದಿದ್ದ ಕೊನೆಯ ತುಂಡು ಅದು. ಅಲ್ಲಿಯ ಅರಸ ಐದನೇ ಮುಹಮ್ಮದ್ ಅವನನ್ನು 1364ರಲ್ಲಿ ರಾಯಭಾರಿಯಾಗಿ ಕಳಿಸಿದ್ದು ಬೇರೆಲ್ಲಿಗೂ ಅಲ್ಲ, ಸೆವಿಲ್ ನಗರಕ್ಕೆ. ಕ್ಯಾಸ್ಟೈಲಿನ ದೊರೆ ಪೆದ್ರೋ ಆಗ ಅಲ್ಲಿದ್ದ. ಮನೆತನ ಬಿಟ್ಟುಹೋದ ನೂರಕ್ಕೂ ಹೆಚ್ಚು ವರ್ಷಗಳ ನಂತರ ಖಲ್ದೂನರ ಮನೆಯ ಕುಡಿಯೊಂದು ಪೂರ್ವಜರ ಬೀದಿಗಳಲ್ಲಿ ನಡೆಯಿತು, ಅವರ ಗುರುತುಗಳನ್ನು ಕಣ್ಣಾರೆ ಕಂಡಿತು.

ದೊರೆಗೆ ಇವನ ಮನೆತನದ ವಿಷಯ ತಿಳಿದಿತ್ತು. ಹಿಂದೆ ಪರಿಚಯವಿದ್ದ ಯೆಹೂದಿ ವೈದ್ಯನೊಬ್ಬ ಆಸ್ಥಾನದಲ್ಲಿದ್ದು ಇವನನ್ನು ಹೊಗಳಿದ್ದ. ಪೆದ್ರೋ ಒಂದು ಮಾತು ಮುಂದಿಟ್ಟ. ಇಲ್ಲೇ ಉಳಿದು ತನ್ನ ಸೇವೆಗೆ ಸೇರಿದರೆ, ಈಗ ತನ್ನ ಸರದಾರರ ಕೈಯಲ್ಲಿರುವ ಖಲ್ದೂನರ ಆಸ್ತಿಯನ್ನು ಬಿಡಿಸಿ ವಾಪಸು ಕೊಡುತ್ತೇನೆ ಎಂದ.

ಈ ಭಾಗ ಓದಿದ ರಾತ್ರಿ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಕೂತಿದ್ದೆ. ನೀರಿನಡಿ ಹೋದ ನಮ್ಮ ಹೊಲ, ಬಾವಿ, ಪಡಸಾಲೆ ಎಲ್ಲವನ್ನೂ ಮೇಲೆತ್ತಿ ಕೊಡುತ್ತೇನೆ ಎಂದು ಯಾರಾದರೂ ಅಂದರೆ ನಾನು ಏನು ಹೇಳಿಯೇನು? ನನ್ನ ಅಪ್ಪನಂತೂ ಮರುಮಾತಿಲ್ಲದೆ ಒಪ್ಪುತ್ತಿದ್ದ. ಇಬ್ನ್ ಖಲ್ದೂನ್ ಒಪ್ಪಲಿಲ್ಲ. ಸೌಜನ್ಯದಿಂದಲೇ ಬೇಡವೆಂದ. ದೊರೆ ಚಿನ್ನದ ತಡಿ, ಚಿನ್ನದ ಕಡಿವಾಣದ ಹೇಸರಗತ್ತೆಯೊಂದನ್ನು ಕೊಟ್ಟು ಬೀಳ್ಕೊಟ್ಟ. ಇವನು ಅದನ್ನು ತಂದು ಗ್ರಾನಡಾದ ಅರಸನಿಗೆ ಒಪ್ಪಿಸಿದ. ಪೂರ್ವಜರ ನೆಲ ನಿಜ, ಅದರ ಮೇಲಿನ ಆಸೆಯೂ ನಿಜ ಇದ್ದೀತು. ಆದರೆ ತನ್ನ ಜೊತೆಗಿದ್ದ ಜನ ಈಗ ಬೇರೆ ಕಡೆ ಇದ್ದಾರೆ ಎಂಬುದು ಅವನಿಗೆ ಗೊತ್ತಿತ್ತು.

ಗ್ರಾನಡಾದಲ್ಲೂ ಅಸೂಯೆ ಕಾದಿತ್ತು. ಅಲ್ಲಿಂದ ಬಿಜಾಯಕ್ಕೆ ಹೋಗಿ ಪ್ರಧಾನಿಯಾದ. ಒಂದೇ ವರ್ಷದಲ್ಲಿ ಅವನ ಅರಸ ಯುದ್ಧದಲ್ಲಿ ಸತ್ತ. ಮುಂದಿನ ಎಂಟೊಂಬತ್ತು ವರ್ಷ ಮರುಭೂಮಿಯ ಬುಡಕಟ್ಟುಗಳ ನಡುವೆ, ಇಂದು ಈ ಅರಸನ ಪರ, ನಾಳೆ ಆ ಅರಸನ ಪರ ಸೈನಿಕರನ್ನು ಒಗ್ಗೂಡಿಸುತ್ತ ಅಲೆದ. ಪಕ್ಷ ಬದಲಿಸಿದವನೆಂಬ ಅಪವಾದ ಅವನ ಮೇಲಿದೆ, ಅದು ಸುಳ್ಳಲ್ಲ. ಆದರೆ ಬುಡಕಟ್ಟಿನವರು ಹೇಗೆ ಒಂದಾಗುತ್ತಾರೆ, ಅರಮನೆ ಸೇರಿದ ಮೇಲೆ ಹೇಗೆ ಸಡಿಲಾಗುತ್ತಾರೆ ಎಂಬುದನ್ನು ಅಷ್ಟು ಹತ್ತಿರದಿಂದ ನೋಡಿದ ವಿದ್ವಾಂಸ ಆ ಕಾಲದಲ್ಲಿ ಇನ್ನೊಬ್ಬನಿರಲಿಲ್ಲ.

1375ರಲ್ಲಿ ಸಾಕಾಯಿತು. ಈಗಿನ ಅಲ್ಜೀರಿಯಾದ ಫ್ರೆಂಡಾ ಊರಿನ ಹತ್ತಿರ, ಇಬ್ನ್ ಸಲಾಮಾ ಎಂಬ ಕೋಟೆಯಲ್ಲಿ ಅರಬ್ ಬುಡಕಟ್ಟಿನವರ ರಕ್ಷಣೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಸುಮಾರು ನಾಲ್ಕು ವರ್ಷ ನೆಲೆಸಿದ. ಅಲ್ಲಿ, 1377ರಲ್ಲಿ, ಐದು ತಿಂಗಳಲ್ಲಿ ಬರೆದು ಮುಗಿಸಿದ್ದು ಮುಕದ್ದಿಮಾ. ಪೀಠಿಕೆ ಎಂದಷ್ಟೇ ಅದರ ಅರ್ಥ. ದೊಡ್ಡ ಚರಿತ್ರೆಯೊಂದಕ್ಕೆ ಬರೆದ ಆ ಪೀಠಿಕೆಯೇ ಅವನ ಹೆಸರನ್ನು ಉಳಿಸಿತು.

ಆಡಿಟರ್ ಆದ ನನಗೆ ಆ ಗ್ರಂಥದಲ್ಲಿ ಮೊದಲು ಹಿಡಿಸಿದ್ದು ಲೆಕ್ಕ ತಾಳೆ ನೋಡುವ ಗುಣ. ಮೂಸಾ ಪ್ರವಾದಿಯ ಜೊತೆ ಆರು ಲಕ್ಷ ಯೋಧರಿದ್ದರು ಎಂದು ಹಿಂದಿನ ಚರಿತ್ರಕಾರರು ಬರೆದಿದ್ದರು. ಇವನು ವಂಶಾವಳಿ ಬಿಡಿಸಿದ. ಈಜಿಪ್ಟಿಗೆ ಹೋದಾಗ ಆ ಕುಟುಂಬದಲ್ಲಿ ಇದ್ದವರು ಎಪ್ಪತ್ತು ಜನ, ಅಲ್ಲಿಂದ ಮೂಸಾವರೆಗೆ ನಾಲ್ಕೇ ತಲೆಮಾರು, ಅಷ್ಟರಲ್ಲಿ ಎಪ್ಪತ್ತು ಹೋಗಿ ಆರು ಲಕ್ಷ ಆಗುವುದು ಹೇಗೆ ಎಂದು ಕೇಳಿದ. ಅಂಕಿ ಬಂದಲ್ಲೆಲ್ಲ ಜನ ಉಬ್ಬಿಸುತ್ತಾರೆ, ಅದರಲ್ಲೂ ಹಣ ಮತ್ತು ಸೈನ್ಯದ ವಿಷಯದಲ್ಲಿ, ಎಂದು ಎಚ್ಚರಿಸಿದ.

ಇದೇ ತಕ್ಕಡಿಯಲ್ಲಿ ಅವನು ವಂಶವನ್ನೂ ತೂಗಿದ. ವಂಶ ಎಂಬುದು ಕಣ್ಣಿಗೆ ಕಾಣುವ ವಸ್ತುವಲ್ಲ, ಬರೀ ಭಾವನೆ. ಅದರಿಂದ ಜನ ಒಬ್ಬರಿಗೊಬ್ಬರು ಆಗುವುದಾದರೆ ಮಾತ್ರ ಅದಕ್ಕೆ ಬೆಲೆ ಎಂಬುದು ಅವನ ತೀರ್ಮಾನ. ಹಾಗೆ ಒಬ್ಬರಿಗೊಬ್ಬರು ಆಗುವ ಶಕ್ತಿಗೆ ಅವನು ಅಸಬಿಯ್ಯಾ ಎಂದ. ನಮ್ಮ ಮಾತಿನಲ್ಲಿ ಒಗ್ಗಟ್ಟು ಎನ್ನಬಹುದು, ಕಷ್ಟಕ್ಕೆ ನಿಲ್ಲುವ ಒಗ್ಗಟ್ಟು. ರಕ್ತ ಬೇರೆಯಾದರೂ ಜೊತೆಗೆ ಬಾಳಿ, ಜೊತೆಗೆ ಕಾದಾಡಿದವರು ಕಾಲ ಕಳೆದಂತೆ ಒಂದೇ ಕುಲದವರಾಗುತ್ತಾರೆ, ಹಳೆಯ ಕುಲ ಮರೆತೇಹೋಗುತ್ತದೆ. ಇನ್ನೊಂದೆಡೆ, ಪುಸ್ತಕದಲ್ಲಿ ಮಾತ್ರ ಉಳಿದು ಯಾರ ಮನಸ್ಸನ್ನೂ ಮಿಡಿಯದ ದೂರದ ವಂಶಸಂಬಂಧದಿಂದ ಏನೂ ಪ್ರಯೋಜನವಿಲ್ಲ. ಮನೆತನದ ಪ್ರತಿಷ್ಠೆಗೂ ಅವನು ಅವಧಿ ಹಾಕಿದ. ಕಟ್ಟಿದವನು ಒಬ್ಬ, ಅವನನ್ನು ನೋಡಿ ಕಲಿತವನು ಎರಡನೆಯವ, ಅನುಕರಿಸಿದವನು ಮೂರನೆಯವ. ನಾಲ್ಕನೆಯವನು ಇದೆಲ್ಲ ತನಗೆ ಹುಟ್ಟಿನಿಂದಲೇ ಬಂದದ್ದು ಎಂದುಕೊಂಡು ಕಳೆಯುತ್ತಾನೆ.

ತ್ಲೆಮ್‌ಸೆನ್ ರಾಜ್ಯವನ್ನು ಕಟ್ಟಿದ ಬರ್ಬರ ನಾಯಕ ಯಗ್ಮುರಾಸನ್‌ನ ಪ್ರಸಂಗವನ್ನು ಅವನು ಮೆಚ್ಚಿ ಬರೆದಿದ್ದಾನೆ. ನೀನು ಪ್ರವಾದಿಯವರ ವಂಶದವನು ಎಂದು ಹೊಗಳುಭಟರು ಹೇಳಿದಾಗ, ಅದು ನಿಜವಾದರೆ ಪರಲೋಕದಲ್ಲಿ ಉಪಯೋಗಕ್ಕೆ ಬಂದೀತು, ಈ ರಾಜ್ಯ ಮಾತ್ರ ನಮ್ಮ ಕತ್ತಿಯಿಂದ ಬಂದದ್ದು ಎಂದು ಆ ನಾಯಕ ತನ್ನ ಬರ್ಬರ ಭಾಷೆಯಲ್ಲೇ ಹೇಳಿ ಸುಮ್ಮನಾಗಿಸಿದನಂತೆ.

ಬೇರೆಯವರ ವಂಶ ತೂಗುವುದು ಸುಲಭ. ಇಬ್ನ್ ಖಲ್ದೂನ್ ತನ್ನದನ್ನೂ ತೂಗಿದ. ಆತ್ಮಚರಿತ್ರೆಯ ಆರಂಭದಲ್ಲಿ ತನ್ನಿಂದ ಹಿಂದಕ್ಕೆ ಖಲ್ದೂನನವರೆಗೆ ಹೆಸರುಗಳನ್ನು ಬರೆದ. ಹತ್ತು ಹೆಸರು ಬಂದವು. ಖಲ್ದೂನ್ ಅಂದಲೂಸ್‌ಗೆ ಬಂದದ್ದು ಅರಬರು ಆ ನಾಡನ್ನು ಗೆದ್ದ ಕಾಲಕ್ಕೆ ಎಂದು ಹಿಡಿದರೆ ಸುಮಾರು ಏಳು ನೂರು ವರ್ಷ. ನೂರಕ್ಕೆ ಮೂರರಂತೆ ಇಪ್ಪತ್ತು ಹೆಸರಾದರೂ ಬೇಕು. ಅಂದರೆ ಇದ್ದಷ್ಟೇ ಹೆಸರುಗಳು ನಡುವೆ ಎಲ್ಲೋ ಬಿದ್ದುಹೋಗಿವೆ ಎಂದು ಅವನೇ ಬರೆದಿಟ್ಟ.

ಆ ಕಾಲದಲ್ಲಿ ಅರಬ್ ಮೂಲ ಎಂದರೆ ಮಾನ, ಹುದ್ದೆ, ಸಂಬಂಧ ಎಲ್ಲ. ಹತ್ತು ಹೆಸರು ಹುಟ್ಟಿಸಿ ಸೇರಿಸುವುದು ಅವನಂಥ ಪಂಡಿತನಿಗೆ ಒಂದು ಸಂಜೆಯ ಕೆಲಸ. ಕೇಳುವವರೂ ಇರಲಿಲ್ಲ. ಖಲ್ದೂನರ ವಂಶವನ್ನು ಅಂದಲೂಸ್‌ನ ದೊಡ್ಡ ವಂಶಶಾಸ್ತ್ರಜ್ಞ ಇಬ್ನ್ ಹಜ್ಮ್ ಹಿಂದೆಯೇ ದಾಖಲಿಸಿದ್ದ, ಹಾಗಾಗಿ ಮೂಲದ ಬಗ್ಗೆ ಹೆಮ್ಮೆಪಡಲು ಆಧಾರವೂ ಇತ್ತು. ಆದರೂ ಕೊರತೆಯನ್ನು ಕೊರತೆ ಎಂದೇ ತೋರಿಸಿದ. 20ನೇ ಶತಮಾನದ ಕೆಲವು ವಿದ್ವಾಂಸರು, ಅವನು ನಿಜಕ್ಕೂ ಬರ್ಬರ ಮೂಲದವನಿರಬಹುದು ಎಂದು ಸಂಶಯಪಟ್ಟದ್ದುಂಟು. ಅಂಥ ಸಂಶಯಕ್ಕೆ ಬಾಗಿಲು ತೆರೆದಿಟ್ಟವನೂ ಅವನೇ. ನಮ್ಮ ಕಸುಬಿನಲ್ಲಿ, ತನ್ನ ಖಾತೆಯಲ್ಲಿ ತಾಳೆಯಾಗದ್ದನ್ನು ತಾನೇ ಕೆಂಪು ಶಾಯಿಯಲ್ಲಿ ಗುರುತು ಮಾಡಿಕೊಡುವ ಗಿರಾಕಿ ಅಪರೂಪ.

ಹೆಸರುಗಳು ಬಿದ್ದುಹೋಗುವುದು ಹೇಗೆ ಎಂಬುದನ್ನು ಮುಂದಿನ ಬದುಕು ಅವನಿಗೆ ಇನ್ನೂ ಕ್ರೂರವಾಗಿ ತೋರಿಸಿತು. ಚರಿತ್ರಕಾರನೇ ಆಗಿದ್ದ ತಮ್ಮ ಯಹ್ಯಾ ತ್ಲೆಮ್‌ಸೆನ್‌ನಲ್ಲಿ ಕೊಲೆಯಾದ. ಟ್ಯುನಿಸಿಗೆ ಮರಳಿದ ಇಬ್ನ್ ಖಲ್ದೂನ್ ಅಲ್ಲಿಯ ಪಿತೂರಿಗಳಿಂದ ಬೇಸತ್ತು, ಹಜ್ ಯಾತ್ರೆಯ ನೆಪ ಹೇಳಿ 1382ರಲ್ಲಿ ಹಡಗು ಹತ್ತಿದ. ಅಲೆಕ್ಸಾಂಡ್ರಿಯಾ, ಅಲ್ಲಿಂದ ಕೈರೋ. ಆ ಮಹಾನಗರವನ್ನು ನೋಡಿ ಬೆರಗಾದ. ಸುಲ್ತಾನ ಬರ್ಕೂಕ್ ಅವನಿಗೆ ಪಾಠಶಾಲೆಯಲ್ಲಿ ಪೀಠ ಕೊಟ್ಟ, 1384ರಲ್ಲಿ ಮಾಲಿಕಿ ಪಂಥದ ಮುಖ್ಯ ನ್ಯಾಯಾಧೀಶನನ್ನಾಗಿ ಮಾಡಿದ.

ಹೆಂಡತಿ ಮಕ್ಕಳು ಇನ್ನೂ ಟ್ಯುನಿಸಿನಲ್ಲೇ ಇದ್ದರು. ಇವನು ವಾಪಸು ಬರಲಿ ಎಂದು ಅಲ್ಲಿಯ ಅರಸ ಅವರನ್ನು ಬಿಟ್ಟಿರಲಿಲ್ಲ. ಬರ್ಕೂಕ್ ಪತ್ರ ಬರೆದು ಒಪ್ಪಿಸಿದ. ಕುಟುಂಬ ಹಡಗು ಹತ್ತಿತು. ಅಲೆಕ್ಸಾಂಡ್ರಿಯಾ ಬಂದರಿನ ಹತ್ತಿರ ಬಿರುಗಾಳಿಗೆ ಸಿಕ್ಕಿ ಹಡಗು ಮುಳುಗಿತು. ಹೆಂಡತಿ, ಮಕ್ಕಳು, ಸಾಮಾನು, ಎಲ್ಲ ಸಮುದ್ರದ ಪಾಲಾಯಿತು. ಕುಟುಂಬವನ್ನು ಹೊಸ ಊರಿಗೆ ಕರೆಸಿಕೊಳ್ಳುವ ದಿನವನ್ನು ಕಾದು ಕೂತವರಿಗೆ ಈ ನಾಲ್ಕು ಸಾಲಿನ ಭಾರ ಬಿಡಿಸಿ ಹೇಳಬೇಕಿಲ್ಲ. ಅವನು ತನ್ನ ದುಃಖವನ್ನು ಬರೆದದ್ದೂ ನಾಲ್ಕೇ ಸಾಲಿನಲ್ಲಿ.

ನ್ಯಾಯಪೀಠದಲ್ಲಿ ಅವನು ಕಟ್ಟುನಿಟ್ಟು. ಶಿಫಾರಸು ಕೇಳಲಿಲ್ಲ, ಸುಳ್ಳು ಸಾಕ್ಷಿಗಳನ್ನು ಬಿಡಲಿಲ್ಲ. ಹೀಗಾಗಿ ವೈರಿಗಳು ಬೆಳೆದರು, ಹುದ್ದೆ ಹೋಯಿತು, ಮತ್ತೆ ಬಂತು. ಸಾಯುವವರೆಗೆ ಆರು ಸಲ ಅದೇ ಪೀಠಕ್ಕೆ ನೇಮಕವಾದ. ಕೈರೋದವರಿಗೆ ಇನ್ನೊಂದು ಅಸಮಾಧಾನವೂ ಇತ್ತು. ಅವನು ಈಜಿಪ್ಟಿನ ನ್ಯಾಯಾಧೀಶರ ಉಡುಪು ತೊಡದೆ, ತನ್ನ ಪಶ್ಚಿಮ ನಾಡಿನ ನಿಲುವಂಗಿಯನ್ನೇ ತೊಟ್ಟು ತಿರುಗುತ್ತಿದ್ದ. ವಂಶ ಬರೀ ಭಾವನೆ ಎಂದು ಬರೆದವನು ಬಟ್ಟೆ ಮಾತ್ರ ಬದಲಿಸಲಿಲ್ಲ. ನನಗೆ ಇದು ವಿಚಿತ್ರ ಅನ್ನಿಸುವುದಿಲ್ಲ. ಈ ಊರಿಗೆ ಬಂದು ಇಪ್ಪತ್ತೆರಡು ವರ್ಷವಾದರೂ ನಮ್ಮ ಮನೆಗೆ ಜೋಳದ ಹಿಟ್ಟು ಊರಿಂದಲೇ ಬರಬೇಕು.

1401ರ ಜನವರಿ. ತೈಮೂರ್ ದಮಾಸ್ಕಸ್ಸಿಗೆ ಮುತ್ತಿಗೆ ಹಾಕಿದ್ದ. ಈಜಿಪ್ಟಿನ ಸುಲ್ತಾನ ಹಿಂದಿರುಗಿದರೂ ಇಬ್ನ್ ಖಲ್ದೂನ್ ನಗರದೊಳಗೇ ಉಳಿದಿದ್ದ. ಅರವತ್ತೆಂಟರ ಮುದುಕನನ್ನು ಕೋಟೆಯ ಗೋಡೆಯಿಂದ ಹಗ್ಗ ಕಟ್ಟಿ ಕೆಳಗಿಳಿಸಿದರು. ಲೋಕವನ್ನು ನಡುಗಿಸಿದ ವ್ಯಕ್ತಿಯ ಡೇರೆಯಲ್ಲಿ ಅವನು ಕೂತ. ಮೂವತ್ತೈದು ದಿನ ಹೋಗಿ ಬಂದು ಮಾಡಿದ. ತೈಮೂರನಿಗೂ ವಂಶದ ತೊಡಕಿತ್ತು. ಅವನು ಚಂಗೀಜ್ ಖಾನನ ರಕ್ತದವನಲ್ಲ, ಆದ್ದರಿಂದ ಖಾನ್ ಎಂದು ಕರೆದುಕೊಳ್ಳುವಂತಿರಲಿಲ್ಲ. ಆ ವಂಶದ ಒಬ್ಬನನ್ನು ಹೆಸರಿಗೆ ಖಾನ್ ಮಾಡಿ, ತಾನು ಅವನ ಪ್ರತಿನಿಧಿ ಮಾತ್ರ ಎನ್ನುತ್ತಿದ್ದ. ವಂಶ ಒಬ್ಬನ ಹತ್ತಿರ, ಬಲ ಇನ್ನೊಬ್ಬನ ಹತ್ತಿರ. ತನ್ನ ಪುಸ್ತಕದ ಮಾತು ಎದುರಿಗೇ ಉಸಿರಾಡುತ್ತಿರುವುದನ್ನು ಅವನು ಕಂಡಿರಬೇಕು.

ತೈಮೂರ್ ಅವನ ಹೇಸರಗತ್ತೆಯನ್ನು ಇಷ್ಟಪಟ್ಟು ಕೇಳಿದ, ಇವನು ಕೊಟ್ಟ. ಕೈರೋಗೆ ಮರಳುವ ದಾರಿಯಲ್ಲಿ ದರೋಡೆಕೋರರು ಇವನನ್ನು ದೋಚಿದರು. ಆಮೇಲೆ ತೈಮೂರ್ ಆ ಪ್ರಾಣಿಯ ಬೆಲೆ ಕಳಿಸಿದ. ಇಬ್ನ್ ಖಲ್ದೂನ್ ತನ್ನ ಸುಲ್ತಾನನ ಅನುಮತಿ ಕೇಳಿದ ಮೇಲೆಯೇ ಆ ಹಣ ಮುಟ್ಟಿದ. ಲೆಕ್ಕದ ಮನುಷ್ಯ.

1406ರ ಮಾರ್ಚ್ 17ರಂದು ಕೈರೋದಲ್ಲಿ ತೀರಿಕೊಂಡ. ನಗರದ ಬಾಬ್ ಅಲ್-ನಸ್ರ್ ಬಾಗಿಲ ಹೊರಗಿನ ಸೂಫಿಗಳ ಸ್ಮಶಾನದಲ್ಲಿ ಮಣ್ಣು ಮಾಡಿದರು. ಸಮಾಧಿ ಇಂತಲ್ಲೇ ಎಂದು ತೋರಿಸಲು ಇಂದು ಗುರುತಿಲ್ಲ. ಹದ್ರಮೌತ್, ಸೆವಿಲ್, ಟ್ಯುನಿಸ್, ಕೈರೋ. ಏಳು ನೂರು ವರ್ಷ ಊರು ಬದಲಿಸಿದ ಮನೆತನದಲ್ಲಿ ಲೋಕಕ್ಕೆ ನೆನಪಿರುವ ಹೆಸರು ಬಹುತೇಕ ಇವನದೊಂದೇ. ಅದನ್ನು ಉಳಿಸಿದ್ದು ಅವನ ಹಿಂದಿನ ಹತ್ತು ಹೆಸರಲ್ಲ, ಐದು ತಿಂಗಳ ಬರಹ.

ಆ ಸಂಜೆ ಕಾಕಾಗೆ ಫೋನ್ ಮಾಡಿ, ನನ್ನ ಹೆಸರಿನ ಮುಂದೆ ಮಗಳ ಹೆಸರು ಬರೆಸಿ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೆಳವನ ಜೊತೆ ಏನೋ ಚರ್ಚೆ. ಹಾಗೆ ಬರೆದ ರೂಢಿಯಿಲ್ಲ ಎಂದನಂತೆ. ಊರು ಮುಳುಗಿದಾಗ ಹೊಸ ಜಾಗ ಹುಡುಕಿಕೊಂಡು ಬಂದ ರೂಢಿಯೂ ನಿನ್ನ ಅಪ್ಪನಿಗೆ ಇರಲಿಲ್ಲ, ಆದರೂ ಬರಲಿಲ್ಲವೇನು ಎಂದು ಕಾಕಾನೇ ಕೇಳಿದರಂತೆ. ಒಂದು ಚೀಲ ಜೋಳದ ಜೊತೆ ಹಿತ್ತಾಳೆ ತಂಬಿಗೆಯೂ ಸೇರಿದ ಮೇಲೆ ಹೆಸರು ಪುಸ್ತಕಕ್ಕೆ ಬಂತು. ಎಂಟು ಖಾಲಿ ಸಾಲು ಬಿಡಿಸಬೇಕೆಂಬ ನನ್ನ ಇನ್ನೊಂದು ಬೇಡಿಕೆಯನ್ನು ಮಾತ್ರ ಅವನು ಒಪ್ಪಲಿಲ್ಲ. ಖಾಲಿ ಸಾಲು ಮನೆತನಕ್ಕೆ ಶೋಭೆಯಲ್ಲವಂತೆ.

ಅದನ್ನು ನಾನೇ ಮಾಡಿದೆ. ಗೀಟು ಹಾಕಿದ ಒಂದು ನೋಟ್‌ಬುಕ್ ತಂದು ಮಗಳ ಮುಂದೆ ಕೂತು ಏಳು ಹೆಸರು ಬರೆದೆ. ನಡುವೆ ಎಂಟು ಸಾಲು ಖಾಲಿ ಬಿಟ್ಟೆ. ಕೊನೆಗೆ ನನ್ನ ಹೆಸರು, ಅವಳ ಹೆಸರು. ಖಾಲಿ ಸಾಲು ಯಾಕಪ್ಪಾ ಎಂದು ಅವಳು ಕೇಳಿದಳು. ಅಲ್ಲೂ ಜನ ಇದ್ದರು, ಹೆಸರು ನಮಗೆ ಗೊತ್ತಿಲ್ಲ ಅಷ್ಟೇ ಎಂದೆ. ಅವಳು ಪೆನ್ಸಿಲ್ ತಗೊಂಡು ಪ್ರತಿ ಖಾಲಿ ಸಾಲಿನ ಮುಂದೆ ಒಂದೊಂದು ಚುಕ್ಕೆ ಇಟ್ಟಳು.